ಕರಡಿಯ ಎತ್ತರದ ಗರಗಸ

ಮಕ್ಕಳೇ, ಹೊಳೆಯೊಂದು ಕಾಡನ್ನು ಬಳಸಿಕೊಂಡು ಹರಿಯುವ ಕಡೆ, ಮತ್ತಿಮರಗಳ ನಡುವೆ, ಪ್ರಾಣಿಗಳೆಲ್ಲ ಸೇರಿ ಕಟ್ಟಿಕೊಂಡಿದ್ದ ಮರಗೆಲಸದ ಚಪ್ಪರವೊಂದಿತ್ತು. ಅಲ್ಲಿದ್ದ ಗರಗಸ ಒಂದೇ. ಅದರ ಎರಡು ತುದಿಗಳಲ್ಲೂ ಹಿಡಿಗಳಿದ್ದವು. ಹಲಗೆ ಯಾರದೋ ಅವರು ಒಂದು ಹಿಡಿಯನ್ನು ಹಿಡಿಯಬೇಕು. ಹತ್ತಿರದಲ್ಲಿ ಯಾರಿದ್ದರೂ ಎದ್ದುಬಂದು ಇನ್ನೊಂದನ್ನು ಹಿಡಿಯಬೇಕು. ಅದು ಚಪ್ಪರದ ಪದ್ಧತಿ. ಹೊಸದಾಗಿ ಏನನ್ನೇ ಮಾಡುವ ಮುನ್ನ ಬಳ್ಳಿಯೊಂದರಿಂದ ಎಲ್ಲರ ಎತ್ತರವನ್ನೂ ಅಳೆದು ಗಂಟು ಹಾಕಿಕೊಳ್ಳುವುದೂ ಅಲ್ಲಿನ ಪದ್ಧತಿಯೇ.

ಚಪ್ಪರದಲ್ಲಿ ಭರಮಣ್ಣನೆಂಬ ಕರಡಿಗೆ ಸಮನಾದ ಕೆಲಸಗಾರರು ಇರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಕರಡಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಆದರೆ ಆ ಗರಗಸ ಅಗಲವಾದ ಹಲಗೆಯನ್ನು ನೇರವಾಗಿ ಕೊಯ್ಯುತ್ತಿರಲಿಲ್ಲ. ಒಂದು ತುದಿಯನ್ನು ಕರಡಿ ಎಳೆದರೆ, ಇನ್ನೊಂದು ತುದಿಗೆ ಸೂಜಪ್ಪನೆಂಬ ಮುಳ್ಳುಹಂದಿ ಜೋತುಬೀಳುತ್ತಿತ್ತು.

“ನೀನು ಎಳೆದಾಗ ಗರಗಸ ಮಾತ್ರ ಬರುವುದಿಲ್ಲ ಭರಮಣ್ಣ, ನಾನೂ ಬರುತ್ತೇನೆ” ಎಂದು ಮುಳ್ಳುಹಂದಿ ನಗುತ್ತಿತ್ತು.

ನಗುನಗುತ್ತಲೇ ಹಲಗೆ ಸೊಟ್ಟಗಾಗುತ್ತಿತ್ತು. ಹೊಳೆಯ ದಂಡೆಯ ಬಿಲದಲ್ಲಿದ್ದ ನೀಲವ್ವನೆಂಬ ನೀರುನಾಯಿಗೆ ಹಿಂದಿನ ಮಳೆಗಾಲದಲ್ಲಿ ಮಾಡಿಕೊಟ್ಟ ಬಾಗಿಲೂ ಹಾಗೆಯೇ ಸೊಟ್ಟಗಾಗಿತ್ತು. ಅದರ ಸಂದಿನಿಂದ ನೀರು ನುಗ್ಗಿ, ಇನ್ನೂ ಈಜು ಬಾರದ ಮರಿಗಳು ಸ್ವಲ್ಪದರಲ್ಲಿ ಪಾರಾಗಿದ್ದವು.

“ಈ ಸಲ ನೇರವಾದ ಬಾಗಿಲು ಬೇಕು, ಭರಮಣ್ಣ. ಅದಿಲ್ಲದಿದ್ದರೆ ಈ ದಂಡೆಯಲ್ಲಿ ನಾನು ಹೊಸ ಮರಿಗಳನ್ನು ಸಾಕಲಾರೆ” ಎಂದಿತು ನೀರುನಾಯಿ.

ಎಲ್ಲರೂ ಸಭೆ ಸೇರಿದರು. ಹಲಗೆಯನ್ನು ನಿಲ್ಲಿಸಿಟ್ಟು, ಎತ್ತರದ ಚೌಕಟ್ಟಿನ ಜಾಡಿನಲ್ಲಿ ಅಲಗನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ಕೊಯ್ಯುವ ದೊಡ್ಡ ಗರಗಸವೊಂದು ಬೇಕೆಂದು ತೀರ್ಮಾನವಾಯಿತು. ಗುಡ್ಡದಾಚೆಯ ಕೋತಿಗಳ ಬಳಿ ಸಿದ್ಧವಾದದ್ದೊಂದು ಇದೆ, ಹಲಸಿನ ಹಣ್ಣು ಕೊಟ್ಟು ಕೊಂಡುಬಿಡೋಣ ಎಂದು ಮುಳ್ಳುಹಂದಿ ಸೂಚಿಸಿತು. ಕರಡಿಯ ಮುಖ ಬಿಗಿಯಿತು. ತಾನಿರುವಾಗ ಕೋತಿಗಳ ಕೈಕೆಲಸ ಈ ಚಪ್ಪರಕ್ಕೆ ಬರಬೇಕೇ ಎಂದು ಅದು ಕೇಳಿತು. ಯಾರೂ ಎದುರಾಡಲಿಲ್ಲ.

ಕರಡಿ ಚಪ್ಪರದ ಸುತ್ತ ತಟ್ಟಿ ಕಟ್ಟಿ, ಒಳಗೆ ಒಬ್ಬಂಟಿಯಾಗಿ ಕೆಲಸ ಹಿಡಿಯಿತು. ಕಾಡಿನಲ್ಲಿ ಬೇರೆ ಅಲಗು ಇರಲಿಲ್ಲವಾದ್ದರಿಂದ ಹಳೆಯ ಗರಗಸದ ಎರಡೂ ಹಿಡಿಗಳನ್ನು ಕಿತ್ತು, ಅದರ ಅಲಗನ್ನೇ ಬಳಸಿಕೊಂಡಿತು. ಅಳತೆಯ ಬಳ್ಳಿ ಹಿಡಿದು ಮುಳ್ಳುಹಂದಿ ಬಂದಾಗ ಒಳಗಿನಿಂದಲೇ ಉತ್ತರ ಕೊಟ್ಟಿತು: “ಸೂಜಪ್ಪ, ನನ್ನ ಕಣ್ಣೇ ಅಳತೆ. ಮುಗಿದ ಮೇಲೆ ಬಂದು ನೋಡು.”

ತಟ್ಟಿ ಬಿಚ್ಚಿದ ದಿನ ಎಲ್ಲರೂ ಬೆರಗಾದರು. ಚೌಕಟ್ಟು ನುಣುಪಾಗಿ ಹೊಳೆಯುತ್ತಿತ್ತು. ಅಲಗು ಇಳಿದ ಕಡೆ ಹಲಗೆಯ ಅಂಚು ನೇರವಾಗಿತ್ತು. ನೀರುನಾಯಿ ಸಂತೋಷದಿಂದ ಮುಂದೆ ಬಂದು, ಬಾಲದ ಮೇಲೆ ಭಾರ ಹಾಕಿ, ಹಿಂಗಾಲುಗಳಲ್ಲಿ ನಿಂತು ಕೈ ಚಾಚಿತು. ಅಲಗಿಗೆ ಮೇಲೆ ಹೊಸದಾಗಿ ಕೂರಿಸಿದ್ದ ಹಿಡಿ ಅದಕ್ಕೆ ಎಟುಕಲಿಲ್ಲ. ಮೊಲಕ್ಕೂ ಎಟುಕಲಿಲ್ಲ. ಮುಳ್ಳುಹಂದಿ ಪ್ರಯತ್ನವನ್ನೇ ಮಾಡಲಿಲ್ಲ.

“ಹಿಡಿಯನ್ನು ಒಂದಿಷ್ಟು ಕೆಳಗಿಳಿಸಬಾರದೇ?” ಎಂದು ಅದು ಕೇಳಿತು.

“ಇಳಿಸಿದರೆ ಅಂದಗೆಡುತ್ತದೆ. ನಾನಿದ್ದೇನಲ್ಲ! ಹಲಗೆ ತಂದಿಡಿ, ಕೊಯ್ದು ಕೊಡುತ್ತೇನೆ” ಎಂದಿತು ಕರಡಿ.

ಕೊಟ್ಟ ಮಾತಿನಂತೆ ಮೊದಮೊದಲು ಅದು ಕೊಯ್ದೂ ಕೊಟ್ಟಿತು. ಇನ್ನೊಂದು ತುದಿ ಹಿಡಿಯಲು ಈಗ ಯಾರೂ ಎದ್ದುಬರಬೇಕಾಗಿರಲಿಲ್ಲ. ಎಲ್ಲರೂ ಹಲಗೆ ಒರಗಿಸಿ ತನ್ನ ದಾರಿ ಕಾಯುವುದು ಕರಡಿಗೆ ಹಿತವಾಗಿತ್ತು. ಹಿತವಾದದ್ದನ್ನು ಬೇಗ ಮುಗಿಸುವವರು ಯಾರು? ನೀರುನಾಯಿ ತನ್ನ ಬಾಗಿಲಿನ ಹಲಗೆಯನ್ನು ತಂದಿಟ್ಟಾಗ ಕರಡಿ ಜೇನಿಗಾಗಿ ಗುಡ್ಡಕ್ಕೆ ಹೊರಟು ನಿಂತಿತ್ತು.

“ಮೋಡ ಕಟ್ಟಿದೆ, ಭರಮಣ್ಣ.”

“ಈ ಮೋಡ ಸುರಿಯುವುದಿಲ್ಲ, ನೀಲವ್ವ. ನಾಳೆ ಬಂದವನೇ ನಿನ್ನದನ್ನೇ ಕೊಯ್ಯುತ್ತೇನೆ.”

ಮಳೆ ಅಂದೇ ಸುರಿಯಿತು. ಹಳ್ಳಗಳು ಉಕ್ಕಿ ಕರಡಿ ಗುಡ್ಡದಲ್ಲೇ ಸಿಕ್ಕಿಕೊಂಡಿತು. ನೀರು ಇಳಿದ ಮೇಲೆ ಅದು ಚಪ್ಪರಕ್ಕೆ ಓಡಿಬಂದಾಗ ಅಲ್ಲಿ ಯಾರೂ ಇರಲಿಲ್ಲ. ಗರಗಸದ ಹಿಡಿಯ ಕೆಳಗೆ ಹೊಳೆಯ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಡಲಾಗಿತ್ತು. ಮೇಲಿನ ಕಲ್ಲಿನ ಮೇಲೆ ನೀರುನಾಯಿಯ ಕೆಸರು ಹೆಜ್ಜೆಗಳು ಒಣಗಿದ್ದವು. ಹಲಗೆಯ ನೆತ್ತಿಯಲ್ಲಿ ಅಲಗು ಒಂದೇ ಒಂದು ಗೀರು ಎಳೆದು ನಿಂತುಬಿಟ್ಟಿತ್ತು.

ಕರಡಿ ಆ ಗೀರನ್ನು ಬಹಳ ಹೊತ್ತು ನೋಡಿತು.

ಮುಳ್ಳುಹಂದಿ ಹಿಂದಿನಿಂದ ಬಂದು ನಿಂತಿತು. ಅದರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಕರಡಿಗೆ ಹಗುರವಾಗುತ್ತಿತ್ತು.

“ನೀಲವ್ವನನ್ನು ನನ್ನ ಬೆನ್ನ ಮೇಲೆ ಹತ್ತಿಸಿಕೊಳ್ಳೋಣವೆಂದರೆ, ನನ್ನ ಬೆನ್ನು ಎಂಥದ್ದೆಂದು ನಿನಗೆ ಗೊತ್ತಲ್ಲ. ಕಲ್ಲು ಪೇರಿಸಿ ಹಿಡಿ ಮುಟ್ಟಿಸಿದೆವು. ಆದರೆ ನಿನ್ನ ತೋಳಿನ ಬಲಕ್ಕೆ ಹೊಂದಿಸಿದ ಅಲಗು ನಮ್ಮ ಬಲಕ್ಕೆ ಇಳಿಯಲಿಲ್ಲ. ಹಳೆಯ ಗರಗಸವಿದ್ದಿದ್ದರೆ ನಾವಿಬ್ಬರೇ, ಸೊಟ್ಟಗಾದರೂ ಸರಿ, ಕೊಯ್ದುಕೊಳ್ಳುತ್ತಿದ್ದೆವು.”

“ಮರಿಗಳು?”

“ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ದಾಟಿಸಿದಳು. ಬದುಕಿವೆ. ಬಿಲ ಕೊಚ್ಚಿಹೋಯಿತು. ಎಲ್ಲಿಗೆ ಹೋಗುತ್ತೇನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.”

ಕರಡಿ ದಂಡೆಗೆ ಹೋಗಿ ನೀಲವ್ವನ ಹೆಸರು ಹಿಡಿದು ಕೂಗಿತು. ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

ಮರುದಿನ ಅದು ತಾನಾಗಿಯೇ ಮುಳ್ಳುಹಂದಿಯಿಂದ ಅಳತೆಯ ಬಳ್ಳಿಯನ್ನು ಕೇಳಿ ಪಡೆಯಿತು. ಮನೆಮನೆಗೂ ಹೋಗಿ ಎಲ್ಲರ ಎತ್ತರ ಅಳೆದು ಗಂಟು ಹಾಕಿಕೊಂಡಿತು. ನೀರುನಾಯಿಯ ಗಂಟನ್ನು ಮಾತ್ರ ಕಲ್ಲಿನ ಮೇಲಿನ ಹೆಜ್ಜೆಗಳನ್ನು ನೋಡಿ, ಊಹೆಯಿಂದ ಹಾಕಿತು. ಆಮೇಲೆ ಹೊಳೆಯುವ ಚೌಕಟ್ಟನ್ನು ಕತ್ತರಿಸಿ, ಹಿಡಿಯನ್ನು ಕೆಳಗಿಳಿಸಿ, ಅಲಗನ್ನು ಕಡಿಮೆ ಬಲಕ್ಕೂ ಇಳಿಯುವಂತೆ ಸಡಿಲಿಸಿತು.

ಈಗ ಆ ಗರಗಸವನ್ನು ಮೊಲವೂ ಎಳೆಯುತ್ತದೆ. ಕರಡಿ ಮಾತ್ರ ಮಂಡಿಯೂರಿಯೇ ಕೊಯ್ಯಬೇಕು. ಅದು ಹಾಗೆ ಮಂಡಿಯೂರಿ ಮೊದಲು ಕೊಯ್ದದ್ದು ಒಂದು ಬಾಗಿಲನ್ನು. ಅಂಚುಗಳು ನೇರವಾಗಿರುವ ಆ ಬಾಗಿಲು ಇಂದಿಗೂ ಚಪ್ಪರದ ಕಂಬಕ್ಕೆ ಒರಗಿಕೊಂಡಿದೆ. ಒಯ್ಯಲು ಯಾರೂ ಬಂದಿಲ್ಲ.

ನೀತಿ: ಎಲ್ಲರಿಗಾಗಿ ಮಾಡುವ ವಸ್ತುವಿಗೆ ಎಲ್ಲರ ಅಳತೆಯನ್ನೂ ಮೊದಲೇ ಕೇಳಬೇಕು; ತಡವಾಗಿ ತಿದ್ದಿದ ಕೆಲಸ ಚೆನ್ನಾಗಿದ್ದರೂ, ಅದು ಬೇಕಾಗಿದ್ದವರು ಅಷ್ಟರಲ್ಲಿ ಹೊರಟುಹೋಗಿರಬಹುದು.