ಬೀಡಿ ಕಟ್ಟುವವಳು ಬಾಯಿ ತೆರೆದದ್ದು

ಶಿಷ್ಯೆ ವಾಗ್ದೇವಿ ವೈದ್ಯೆ. ಹೊಸದಾಗಿ ಒಂದು ಊರಿನ ಆಸ್ಪತ್ರೆಗೆ ಹೊರಟವಳು ಗುರುಗಳನ್ನು ಕೇಳಿದಳು: "ಹಲವು ದಾರಿಗಳಲ್ಲಿ ಒಳ್ಳೆಯದು ಯಾವುದೆಂದು ನನಗೆ ಗೊತ್ತಿರುವಾಗ, ಉಳಿದವನ್ನೂ ಜನರ ಮುಂದೆ ಏಕೆ ಇಡಬೇಕು, ಗುರುಗಳೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವೈದ್ಯೆ ಇದ್ದಳು. ಹೆಂಗಸರ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರುವ ಮುಂಚೆಯೇ ಅದರ ಸುಳಿವು ಹಿಡಿಯುವುದು ಅವಳ ಕೆಲಸ. ಅದಕ್ಕೆ ಎರಡು ಬಗೆಯಿತ್ತು. ಹೆಂಗಸು ಮೇಜಿನ ಮೇಲೆ ಮಲಗಿದರೆ ವೈದ್ಯೆಯೇ ಪರೀಕ್ಷಿಸಿ ಮಾದರಿ ತೆಗೆಯುವುದು ಒಂದು. ಹೆಂಗಸು ಪರದೆಯ ಹಿಂದೆ ಹೋಗಿ, ಹತ್ತಿ ಸುತ್ತಿದ ಕಡ್ಡಿಯಿಂದ ತಾನೇ ಮಾದರಿ ತೆಗೆದುಕೊಡುವುದು ಇನ್ನೊಂದು. ವೈದ್ಯೆಗೆ ತನ್ನ ಕೈಯ ಮೇಲೆ ಬಹಳ ನಂಬಿಕೆ, ಬೇರೆಯವರ ಕೈಯ ಮೇಲೆ ಅಷ್ಟಿಲ್ಲ. ಕಡ್ಡಿಗಳ ಡಬ್ಬಿಯನ್ನು ಬೀರುವಿನ ತುದಿಗೆ ಏರಿಸಿಬಿಟ್ಟಳು. ಬಾಗಿಲಿಗೆ 'ಗರ್ಭಕಂಠ ಪರೀಕ್ಷೆ' ಎಂದು ಬೋರ್ಡು ಹಾಕಿಸಿದಳು. ಓದಿದವರ ಕಾಟವೇ ಇದು; ಬಾಯಿ ಎಂದರೆ ಸಾಲದು, ಕಂಠ ಎನ್ನಬೇಕು.

ಬೀಡಿ ಕಟ್ಟುವ ಹೆಂಗಸೊಬ್ಬಳು ಆ ಕಡೆ ಬಂದಳು. ಹೊಗೆಸೊಪ್ಪಿನ ಧೂಳಿಗೆ ಅವಳ ಗಂಟಲು ಸದಾ ಕೆರೆಯುತ್ತಿತ್ತು. ಬೋರ್ಡಿನಲ್ಲಿ ಕಂಠ ಎಂಬುದಷ್ಟೇ ಅವಳ ಕಣ್ಣಿಗೆ ಬಿತ್ತು. ವೈದ್ಯೆಯ ಮುಂದೆ ಕೂತು, ನಾಲಿಗೆ ಚಾಚಿ, ದೊಡ್ಡದಾಗಿ ಬಾಯಿ ತೆರೆದಳು.

ವೈದ್ಯೆ ನಗು ತಡೆದುಕೊಂಡು ಪರೀಕ್ಷೆ ಎಲ್ಲಿಯದೆಂದು ತಿಳಿಸಿದಳು. ಹೆಂಗಸು ತಟ್ಟನೆ ಬಾಯಿ ಮುಚ್ಚಿದಳು.

"ನಮ್ಮಕ್ಕ ಇದೇ ಕಾಯಿಲೇಲಿ ಹೋದ್ಲು. ನಂಗೂ ಭಯ ಐತೆ. ಆದ್ರೆ ಆ ಮೇಜಿನ ಮೇಲೆ ನಾನು ಮಲಗಾಕಿಲ್ಲ, ತಾಯಿ" ಎಂದು ಎದ್ದಳು.

ಹೊಸ್ತಿಲು ದಾಟಿದರೆ ಅವಳು ಮತ್ತೆ ಬರುವವಳಲ್ಲ. ಅದು ವೈದ್ಯೆಗೆ ತಿಳಿಯಿತು, ಸಂಕಟವಾಯಿತು. ಬಿಗುಮಾನ ಬಿಟ್ಟು, ಸ್ಟೂಲು ಹತ್ತಿ ಡಬ್ಬಿ ಇಳಿಸಿದಳು. ಹೇಗೆ ಮಾಡಬೇಕೆಂದು ಹೇಳಿಕೊಟ್ಟಳು. ಹೆಂಗಸು ಪರದೆಯ ಹಿಂದೆ ಹೋಗಿ ಬಂದು ಕಡ್ಡಿಯನ್ನು ಕೊಟ್ಟಳು. ದಿನವೆಲ್ಲ ಎಲೆ ಸುತ್ತುವ ಬೆರಳುಗಳವು, ಕೆಲಸ ಅಚ್ಚುಕಟ್ಟಾಗಿಯೇ ಇತ್ತು.

ಫಲಿತಾಂಶ ಬಂತು. ಅದರಲ್ಲಿ ರೋಗದ ಸುಳಿವಿತ್ತು. ಇನ್ನು ಮೇಜಿನ ಮೇಲೆ ಮಲಗದೆ ಗತಿಯಿರಲಿಲ್ಲ. ಬರುತ್ತಾಳೋ ಇಲ್ಲವೋ ಎಂಬ ಅಳುಕಿನಲ್ಲೇ ವೈದ್ಯೆ ಹೇಳಿಕಳಿಸಿದಳು. ಹೆಂಗಸು ಬಂದಳು, ಯಾರೂ ಹೇಳದೆ ತಾನೇ ಮೇಜು ಹತ್ತಿದಳು.

"ಅವತ್ತು ನೀವು ನನ್ನ ಮಾತು ಕೇಳಿದ್ರಿ. ಇವತ್ತು ನಾನು ನಿಮ್ಮ ಮಾತು ಕೇಳ್ತೀನಿ" ಎಂದಳು.

ರೋಗ ಇನ್ನೂ ಕ್ಯಾನ್ಸರಿನ ಮಟ್ಟಕ್ಕೆ ಬೆಳೆದಿರಲಿಲ್ಲ. ಸಣ್ಣ ಚಿಕಿತ್ಸೆಯಲ್ಲೇ ಹೋಯಿತು. ಅಕ್ಕನಿಗೆ ಬಂದ ಗತಿ ಅವಳಿಗೆ ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ವಾಗ್ದೇವಿಯ ಮುಖ ಅರಳಿತು. "ಈಗ ತಿಳಿಯಿತು, ಗುರುಗಳೇ. ನನ್ನ ಆಸ್ಪತ್ರೆಯಲ್ಲಿ ಎಲ್ಲರಿಗೂ ಕಡ್ಡಿಯನ್ನೇ ಕೊಡುತ್ತೇನೆ. ಪರೀಕ್ಷೆಗೆ ಇನ್ನು ಯಾರನ್ನೂ ಮೇಜಿನ ಮೇಲೆ ಮಲಗಿಸುವುದಿಲ್ಲ."

ಗುರುಗಳೆಂದರು: "ಮರುವಾರ ಆ ಬೀಡಿ ಕಟ್ಟುವವಳು ತನ್ನ ನಾದಿನಿಯನ್ನು ಕರೆತಂದಳು, ನಾದಿನಿ ಕಡ್ಡಿಯನ್ನು ನೋಡಿದ್ದೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, 'ಇದೆಲ್ಲ ನಂಗೆ ಬರಾಕಿಲ್ಲ, ನೀವೇ ನೋಡ್ರಮ್ಮ' ಎಂದಳು."