ಬಾಯಿ ಮುಚ್ಚಿಕೊಂಡು ಆಡಿದ ಹುಡುಗಿ

"ಟೀಚರ್, ಭಾನುವಾರ ಒಂದಿನ ನಾನು ಯಾರಿಗೂ ಪಾಸ್ ಕೊಡದೆ ಆಡ್ಲಾ?" ಎಂದು ತನುಜಾ ಕೇಳಿದಳು.

ತನುಜಾ ಪಿಯುಸಿ ಎರಡನೆಯ ವರ್ಷದ ಹುಡುಗಿ. ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದಲ್ಲಿ ನಡುವೆ ನಿಂತು ಆಡುವವಳು. ಚೆಂಡು ಅವಳ ಕಾಲಿಗೆ ಬಂದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಯಾರಿಗೆ ಸಿಗಬೇಕೋ ಅವರಿಗೆ ಹೋಗಿ ಸಿಗುತ್ತಿತ್ತು. ಗೋಲು ಹೊಡೆಯುವವರು ಬೇರೆಯವರು, ಆಮೇಲೆ ಹೆಗಲ ಮೇಲೆ ಎತ್ತಿ ಕುಣಿಸುವುದೂ ಅವರನ್ನೇ.

ಭಾನುವಾರ ದೊಡ್ಡ ಊರಿನ ಒಂದು ಕಾಲೇಜಿನವರು ಆಟಗಾರ್ತಿಯರನ್ನು ಆರಿಸಲು ಬರುವವರಿದ್ದರು. ಆರಿಸಿದವರಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಗುತ್ತದೆ, ಹಾಸ್ಟೆಲೂ ಸಿಗುತ್ತದೆ. ಸಿಗದಿದ್ದರೆ ತನುಜಾಳ ಓದು, ಆಟ ಎರಡೂ ಪಿಯುಸಿಗೇ ಮುಗಿದ ಹಾಗೆ. ಮನೆಯಲ್ಲಿ ಈ ಮಾತನ್ನು ಯಾರೂ ಅವಳಿಂದ ಮುಚ್ಚಿಟ್ಟಿರಲಿಲ್ಲ.

"ಬಂದೋರು ನೋಡೋದು ಗೋಲು ಹೊಡೆದೋರನ್ನ ಮಾತ್ರ ಅಂತ ಎಲ್ರೂ ಹೇಳ್ತಾರೆ. ಪಾಸ್ ಕೊಟ್ಟೋಳನ್ನ ಯಾರು ನೋಡ್ತಾರೆ? ಅವರು ನನ್ನನ್ನ ಒಪ್ಪಬೇಕು ಟೀಚರ್. ಅದಕ್ಕೇ ಕೇಳಿದೆ."

ಅನಸೂಯಾ ಟೀಚರ್ ಆ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಲೇ ತಲೆ ಬೆಳ್ಳಗಾದವರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗಿಲ್ಲ. ಆಗ ಅವರು ಗೋಲುಕಂಬದಿಂದ ಬಲೆ ಬಿಚ್ಚಿ ಮಡಿಸುತ್ತಿದ್ದರು. ಬಲೆಯ ಒಂದು ತುದಿಯನ್ನು ತನುಜಾಳ ಕೈಗೆ ಕೊಟ್ಟು, "ಹಿಡ್ಕೋ. ಒಂದು ಕತೆ ಹೇಳ್ತೀನಿ," ಎಂದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಂಗಡಿ ಇಟ್ಟವನಲ್ಲ. ಸಂತೆಯಿಂದ ಸಂತೆಗೆ ಹೋಗಿ, ನೆಲದ ಮೇಲೆ ಟಾರ್ಪಾಲು ಹಾಸಿ, ಟವೆಲು, ಲುಂಗಿಗಳನ್ನು ಕೂಗಿ ಮಾರುವವನು. ಅವನ ಗಂಟಲೇ ಅವನಿಗೆ ಬೋರ್ಡು. ಸಂತೆಯ ಈ ತುದಿಯಲ್ಲಿ ಅವನು ಕೂಗಿದರೆ ಆ ತುದಿಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದವರು ತಿರುಗಿ ನೋಡುತ್ತಿದ್ದರು.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರಿಗೂ ಅಪ್ಪನ ಗಂಟಲೇ ಬಂದಿತ್ತು. ಗಂಟಲನ್ನೇ ನಂಬಿ ಅನ್ನ ತಿನ್ನುವ ಮನುಷ್ಯ, ಮಕ್ಕಳ ಗಂಟಲು ಕೇಳಿದರೆ ಮಾತ್ರ ಬೆವರುತ್ತಿದ್ದ. ನಗಬೇಡ. ಅವನಿಗೂ ಒಂದು ಕಾರಣವಿತ್ತು. ಹಿರಿಯ ಮಗಳನ್ನು ಮದುವೆಗೆಂದು ನೋಡಲು ಬಂದವರ ಎದುರಿಗೆ ಆ ಹುಡುಗಿ ಯಾವುದೋ ಮಾತಿಗೆ ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು. ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದರು. ತಿಳಿಸಲಿಲ್ಲ. ಆಮೇಲೆ ಯಾರದೋ ಬಾಯಿಂದ, ಹುಡುಗಿ ಜೋರು ಎಂಬ ಮಾತು ಬಂದು ಮುಟ್ಟಿತು. ಅಂದಿನಿಂದ ಆ ಮಗಳು ಗಟ್ಟಿಯಾಗಿ ನಕ್ಕಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಕಿರಿಯವಳು ಹೈಸ್ಕೂಲಿನ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದಳು. ನಿನ್ನ ಹಾಗೆ ನಡುವೆ ಅಲ್ಲ. ಹಿಂದೆ, ಗೋಲ್‌ಕೀಪರಿನ ಮುಂದೆ. ಹಿಂದೆ ನಿಂತವಳಿಗೆ ಇಡೀ ಮೈದಾನ ಕಾಣುತ್ತದೆ. ಮುಂದೆ ಆಡುವವರ ಬೆನ್ನಿಗೆ ಕಣ್ಣಿಲ್ಲ. ಹಾಗಾಗಿ ಅವಳು ಕಂಡದ್ದನ್ನು ಕೂಗಿ ಹೇಳುತ್ತಿದ್ದಳು. ಎಡಗಡೆ ಖಾಲಿ ಬಿದ್ದಿದೆ ಎಂದು ಕೂಗುತ್ತಿದ್ದಳು, ನಿನ್ನ ಹಿಂದೆಯೇ ಒಬ್ಬಳು ಬರುತ್ತಿದ್ದಾಳೆ ಎಂದು ಕೂಗುತ್ತಿದ್ದಳು. ಅವಳ ಓಟ ಸಾಧಾರಣ. ಒದೆತವೂ ಸಾಧಾರಣ. ಆದರೆ ಆ ಕೂಗು ಇರುವ ತನಕ ಆ ತಂಡದ ಮೇಲೆ ಗೋಲು ಹೊಡೆಯುವುದು ಯಾರಿಗೂ ಸುಲಭವಾಗಿರಲಿಲ್ಲ.

ಒಮ್ಮೆ ಪರ ಊರಿನಲ್ಲಿ ಪಂದ್ಯ ನಡೆಯಿತು. ಒಂದು ಕಾಲೇಜಿನ ಕೋಚ್, ಒಬ್ಬ ಹೆಣ್ಣುಮಗಳು, ಬೇರೆ ಯಾರನ್ನೋ ನೋಡಲು ಅಲ್ಲಿಗೆ ಬಂದಿದ್ದರು. ಬಂದ ಕೆಲಸ ಬಿಟ್ಟು ಈ ಹುಡುಗಿಯ ಕೂಗನ್ನೇ ಕೇಳುತ್ತ ಕೂತರು. ಆಮೇಲೆ ಅವಳ ಶಾಲೆಯ ಪೀಟಿ ಮೇಷ್ಟ್ರಿಗೆ ಹೇಳಿಕಳಿಸಿದರು. ನಿಮ್ಮ ಊರಿನಲ್ಲಿ ಪಂದ್ಯ ಇದ್ದಾಗ ನಿಮ್ಮ ಬ್ಯಾಕ್ ಹುಡುಗಿಯನ್ನು ಇನ್ನೊಮ್ಮೆ ನೋಡುತ್ತೇನೆ, ಸರಿಕಂಡರೆ ನಮ್ಮ ಕಾಲೇಜಿಗೆ ಕರೆದುಕೊಳ್ಳುತ್ತೇನೆ ಎಂದರು. ಅವಳಲ್ಲಿ ಏನು ಕಂಡಿತು ಎಂದು ಹೇಳಲಿಲ್ಲ. ಪೀಟಿ ಮೇಷ್ಟ್ರು ಕೇಳಲೂ ಇಲ್ಲ. ಅವರು ವ್ಯಾಪಾರಿಯ ಮನೆ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಹೇಳಿದ್ದು ಇಷ್ಟೇ, ಪಂದ್ಯದ ದಿನ ಕಾಲೇಜಿನವರು ನಿಮ್ಮ ಮಗಳನ್ನು ನೋಡುವುದಕ್ಕೆ ಬರುತ್ತಾರೆ.

ನೋಡುವುದಕ್ಕೆ ಬರುತ್ತಾರೆ ಎಂದರೆ ವ್ಯಾಪಾರಿಗೆ ಗೊತ್ತಿದ್ದದ್ದು ಒಂದೇ ಬಗೆ. ಮನೆಗೆ ಸುಣ್ಣ ಹೊಡೆಸಿದ. ಹೆಂಡತಿ ರವೆ ಹುರಿದಿಟ್ಟಳು. ಜಮಖಾನ ಒಗೆದು ಬಿಸಿಲಿಗೆ ಹಾಕಿದರು. ಹುಡುಗಿಯ ಸೋದರತ್ತೆ ಪಕ್ಕದ ಊರಿನಿಂದ ಬಂದು, ತಲೆ ತಗ್ಗಿಸು, ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡು, ನೀನಾಗಿ ಏನೂ ಕೇಳಬೇಡ ಎಂದು ಪಾಠ ಹೇಳಿದಳು. ಫುಟ್‌ಬಾಲ್ ಆಡುವವಳ ಜಡೆಗೆ ಮಲ್ಲಿಗೆ ಮುಡಿಸಬೇಕೋ ಬೇಡವೋ ಎಂದು ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಚೆಂಡನ್ನು ತಲೆಯಿಂದ ಹೊಡೆಯುವಾಗ ಹೂವು ಉದುರಿ ಅಪಶಕುನವಾದೀತು ಎಂದು ಅತ್ತೆಯೇ ಕೊನೆಗೆ ಬೇಡವೆಂದಳು.

ಪಂದ್ಯದ ದಿನ ಮಗಳು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾಗ ವ್ಯಾಪಾರಿ ಅವಳ ಪಕ್ಕ ಬಂದು ಕೂತ.

"ಇವತ್ತೊಂದಿನ ಬಾಯಿ ಮುಚ್ಕೊಂಡು ಆಡವ್ವ. ನಿಮ್ಮಕ್ಕನಿಗೆ ಆದಂಗೆ ನಿಂಗೂ ಆಗೋದು ಬೇಡ," ಎಂದ.

ಅವನ ಕಣ್ಣಲ್ಲಿ ನೀರಿತ್ತು. ಗದರಿಸಿದ್ದರೆ ಮಗಳು ಎದುರುತ್ತರ ಕೊಡುತ್ತಿದ್ದಳು. ಬೇಡಿಕೊಳ್ಳುವ ಅಪ್ಪನಿಗೆ ಏನು ಹೇಳುವುದು? ಆಗಲಿ ಎಂದಳು.

ಆಟ ಶುರುವಾಯಿತು. ಎದುರು ತಂಡದವರು ಎಡಗಡೆಯಿಂದ ನುಗ್ಗಿದರು. ಹುಡುಗಿಗೆ ಕಂಡಿತು. ಬಾಯಿ ತೆರೆದಳು, ಅಪ್ಪನ ನೆನಪಾಗಿ ಮುಚ್ಚಿಕೊಂಡಳು. ಎಡಗಡೆಯವಳು ಕೂಗಿಗಾಗಿ ಕಾದು ನಿಂತೇ ಇದ್ದಳು. ಗೋಲಾಯಿತು. ಜೊತೆಯವರೆಲ್ಲ ಹಿಂದಕ್ಕೆ ತಿರುಗಿ ನೋಡಿದರು, ಅವಳು ನೆಲ ನೋಡಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಗೋಲಾಯಿತು. ಗೋಲ್‌ಕೀಪರ್ ಓಡಿ ಬಂದು, ನಿನ್ನ ಬಾಯಿಗೆ ಏನಾಗಿದೆಯೇ ಎಂದು ಬೈದಳು. ಹುಡುಗಿಗೆ ಅಳು ಬಂತು, ಅಳುವಾಗಲೂ ಸದ್ದು ಮಾಡಬಾರದೆಂದು ತುಟಿ ಕಚ್ಚಿ ಹಿಡಿದಳು. ಕೊಟ್ಟ ಮಾತು ಉಳಿಸಿಕೊಳ್ಳುವುದಕ್ಕೆ ಅವಳು ಪಟ್ಟ ಕಷ್ಟ ಅಷ್ಟಿಷ್ಟಲ್ಲ.

ಬೇಲಿಯ ಈಚೆ ವ್ಯಾಪಾರಿ ಮಾತ್ರ ಹಿಗ್ಗಿಹೋಗಿದ್ದ. ಗೋಲಿನ ಲೆಕ್ಕ ಅವನಿಗೆ ತಿಳಿಯದು. ಇಷ್ಟು ಹೊತ್ತಾದರೂ ಮಗಳು ತುಟಿ ಬಿಚ್ಚಿಲ್ಲ, ಅವನಿಗೆ ಅಷ್ಟೇ ಸಾಕು. ಹಾಫ್ ಟೈಮಿನಲ್ಲಿ ಹಿರಿಯ ಮಗಳ ಕೈಗೆ ಉಪ್ಪಿಟ್ಟಿನ ಡಬ್ಬಿ ಕೊಟ್ಟು, ಅವಳನ್ನು ಕರೆದುಕೊಂಡು ಕೋಚ್ ಮೇಡಂ ಕೂತಲ್ಲಿಗೆ ಹೋದ. ಮೇಡಂ ಡಬ್ಬಿಯ ಕಡೆ ನೋಡಲಿಲ್ಲ.

"ಹುಡುಗಿಗೆ ಗಂಟಲು ಕೆಟ್ಟಿದೆಯಾ?" ಎಂದು ಕೇಳಿದರು.

"ಇಲ್ಲ ತಾಯಿ, ಅವಳು ಯಾವಾಗ್ಲೂ ಹಿಂಗೇ. ಮನೇಲಿ ಇದ್ದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ!" ಎಂದ ವ್ಯಾಪಾರಿ.

ಮೇಡಂ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರು. "ಹಾಗಾದ್ರೆ ನಾನು ನೋಡೋಕೆ ಬಂದ ಹುಡುಗಿ ಇವಳಲ್ಲ. ಅವಳು ಕೂಗಿದ್ರೆ ಬಸ್ ಸ್ಟ್ಯಾಂಡಿಗೆ ಕೇಳಿಸ್ತಿತ್ತು. ನಂಗೆ ಬೇಕಾಗಿದ್ದೇ ಆ ಕೂಗು," ಎಂದು ಎದ್ದು ನಿಂತರು.

ಬಂದವರು ಒಪ್ಪಲಿ ಎಂದು ವ್ಯಾಪಾರಿ ಮಗಳಿಂದ ಏನನ್ನು ಬಿಡಿಸಿದ್ದನೋ, ಬಂದವರು ಅದನ್ನೇ ಹುಡುಕಿಕೊಂಡು ಬಂದಿದ್ದರು. ಅವನು ಹಿರಿಯ ಮಗಳ ಕಡೆ ನೋಡಿದ. ಅವಳು ಡಬ್ಬಿ ಹಿಡಿದು, ತಲೆ ತಗ್ಗಿಸಿ, ಸದ್ದಿಲ್ಲದೆ ನಿಂತಿದ್ದಳು. ಮನೆಯಲ್ಲಿ ಕಲಿಸಿದ ಹಾಗೆಯೇ ನಿಂತಿದ್ದಳು.

ಅಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ವ್ಯಾಪಾರಿ ಬೇಲಿ ದಾಟಿ ಮೈದಾನದ ಗೆರೆಯ ತನಕ ಓಡಿದ. ಎರಡೂ ಕೈಗಳನ್ನು ಬಾಯಿಗೆ ಹಿಡಿದ. ಸಂತೆಯ ಗಂಟಲು ತೆಗೆದ.

"ಕೂಗವ್ವಾ! ನಿಮ್ಮಪ್ಪ ಹೇಳ್ತಾ ಇದ್ದೀನಿ, ಬಾಯಿ ಬಿಟ್ಟು ಕೂಗು!"

ರೆಫರಿ ಬೆಚ್ಚಿ ಸೀಟಿ ಊದುವುದನ್ನೇ ಮರೆತ. ಮೈದಾನವೆಲ್ಲ ಅವನ ಕಡೆ ತಿರುಗಿತು. ಲುಂಗಿ ಕೊಳ್ಳಲು ಯಾರೂ ಬರಲಿಲ್ಲ ಎನ್ನುವುದೊಂದು ಬಿಟ್ಟರೆ ಅದು ಸಂತೆಯೇ. ಹಿರಿಯ ಮಗಳಿಗೆ ತಡೆದುಕೊಳ್ಳಲು ಆಗಲಿಲ್ಲ. ಡಬ್ಬಿ ಹಿಡಿದುಕೊಂಡೇ ಗಟ್ಟಿಯಾಗಿ ನಕ್ಕುಬಿಟ್ಟಳು. ಎಷ್ಟೋ ಕಾಲದ ನಗು, ಒಮ್ಮೆಗೇ ನಿಲ್ಲುವಂಥದ್ದಲ್ಲ. ವ್ಯಾಪಾರಿ ತಿರುಗಿ ನೋಡಿದ. ಬೇಡ ಎನ್ನಲಿಲ್ಲ, ಅವನಿಗೂ ನಗು ಬಂತು.

ಕಿರಿಯವಳು ಅಪ್ಪನ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. ಆಮೇಲೆ ಎಡಗಡೆ ಬಿಡಬೇಡ್ರೇ ಎಂದು ಕೂಗಿದಳು ನೋಡು, ಬೀಗ ಜಡಿದ ಬಾಗಿಲು ತೆರೆದ ಹಾಗಾಯಿತು. ಇಡೀ ತಂಡ ಮೈಕೊಡವಿಕೊಂಡು ಎದ್ದಿತು. ಗೇಟಿನ ತನಕ ಹೋಗಿದ್ದ ಕೋಚ್ ಮೇಡಂ ಅಲ್ಲೇ ನಿಂತರು. ವಾಪಸು ಬಂದರು. ಕುರ್ಚಿಯನ್ನು ಹುಡುಕಲಿಲ್ಲ, ಗೆರೆಯ ಪಕ್ಕ ನೆಲದ ಮೇಲೆಯೇ ಕೂತರು. ಹಿರಿಯವಳು ಕೊಟ್ಟ ಉಪ್ಪಿಟ್ಟನ್ನೂ ತಿಂದರು.

ಪಂದ್ಯವನ್ನು ಸೋತರು. ಮೊದಲರ್ಧದ ಗೋಲುಗಳು ಎಲ್ಲಿ ಹೋಗುತ್ತವೆ? ಆದರೆ ಎರಡನೆಯ ಅರ್ಧದಲ್ಲಿ ಎದುರಿನವರಿಗೆ ಒಂದು ಗೋಲೂ ಸಿಗಲಿಲ್ಲ. ಆಟ ಮುಗಿದ ಮೇಲೆ ಮೇಡಂ ಹುಡುಗಿಯನ್ನು ಕರೆದು, ನಿನಗೇನಾದರೂ ಕೇಳುವುದಿದೆಯೇ ಎಂದರು. ನೀನಾಗಿ ಏನೂ ಕೇಳಬೇಡ ಎಂದು ಅತ್ತೆ ಹೇಳಿದ್ದಳಲ್ಲ. ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ಕೇಳು ಎನ್ನುವಂತೆ ತಲೆಯಾಡಿಸಿದ. ನಿಮ್ಮ ಕಾಲೇಜಿನಲ್ಲಿ ನನಗಿಂತ ಜೋರಾಗಿ ಕೂಗುವವರು ಇದ್ದಾರೆಯೇ ಎಂದು ಅವಳು ಕೇಳಿದಳು. ಇದ್ದಿದ್ದರೆ ನಾನು ಇಷ್ಟು ದೂರ ಯಾಕೆ ಬರುತ್ತಿದ್ದೆ ಎಂದು ಮೇಡಂ ನಕ್ಕರು. ಊರಿಗೆ ಹೋಗಿ ತಿಳಿಸುತ್ತೇನೆ ಎಂದು ಹೊರಟರು.

ಆ ಮಾತನ್ನು ವ್ಯಾಪಾರಿ ಮೊದಲೂ ಒಮ್ಮೆ ಕೇಳಿದ್ದ. ಅದರ ಅರ್ಥ ತನಗೆ ಗೊತ್ತು ಎಂದುಕೊಂಡ. ಆದರೆ ಈ ಸಲ ಹೇಳಿದವರು ತಿಳಿಸಿದರು. ಹುಡುಗಿ ಆ ಕಾಲೇಜಿಗೆ ಹೋದಳು. ಸುದ್ದಿ ಬಂದ ವಾರ ವ್ಯಾಪಾರಿ ಸಂತೆಯಲ್ಲಿ ಟವೆಲಿನ ಬೆಲೆಯ ನಡುನಡುವೆ ಮಗಳ ಸುದ್ದಿಯನ್ನೂ ಸೇರಿಸಿ ಕೂಗಿದ. ಪಕ್ಕದಲ್ಲಿ ಹಿರಿಯ ಮಗಳು ಲುಂಗಿ ಮಡಿಸುತ್ತ ಕೂತಿದ್ದಳು. ಅವನಿಗೆ ಗಂಟಲು ಸೋತಾಗ ಅವಳು ಕೂಗಿದಳು.

ಕತೆ ಮುಗಿಯುವಾಗ ಬಲೆಯನ್ನು ಮಡಿಸಿಯೂ ಆಗಿತ್ತು. ತನುಜಾ ತನ್ನ ಕೈಯಲ್ಲಿದ್ದ ತುದಿಯನ್ನು ಬಿಡಲಿಲ್ಲ. ಕತೆ ಅವಳಿಗೆ ಹಿಡಿಸಿತ್ತು. ಆದರೆ ಅವಳಿಗೆ ಸೀಟೂ ಬೇಕಾಗಿತ್ತು.

"ಆ ಹುಡುಗಿ ಅದೃಷ್ಟ ಟೀಚರ್, ಬಂದ ಮೇಡಂಗೆ ಕೂಗೋಳೇ ಬೇಕಾಗಿತ್ತು. ಅವರಿಗೆ ಸುಮ್ಮನಿರೋಳೇ ಇಷ್ಟ ಆಗಿದ್ದಿದ್ರೆ? ಮೊದಲರ್ಧ ನೋಡೇ ಒಪ್ಪಿಬಿಟ್ಟಿದ್ರೆ?"

ಅನಸೂಯಾ ಟೀಚರ್ ಆ ತುದಿಯನ್ನು ಅವಳ ಕೈಯಿಂದ ತೆಗೆದುಕೊಂಡು ಗಂಟು ಹಾಕಿದರು.

"ಒಪ್ಪಿಬಿಟ್ಟಿದ್ರೆ, ಆ ಕಾಲೇಜಿನಲ್ಲಿ ಅಷ್ಟೂ ವರ್ಷ ಬಾಯಿ ಮುಚ್ಕೊಂಡು ಆಡಬೇಕಾಗಿದ್ದವಳು ಯಾರು?"