ಒಂದಕ್ಷರದ ದೋಷ

"ಗುರುಗಳೇ, ಒಬ್ಬ ವಿಜ್ಞಾನಿಯ ಪ್ರಭಾವ ಎಷ್ಟೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ. ವಂಶವಾಹಿಗಳ ಅಧ್ಯಯನದಲ್ಲಿ ಐದು ವರ್ಷ ಕಳೆದು, ಅವನು ತನ್ನ ಪ್ರಬಂಧವನ್ನು ಗುರುಗಳಿಗೆ ಒಪ್ಪಿಸಿ ವಾರವಾಗಿತ್ತು.

ಗುರುಗಳು ಹೇಳಿದರು:

ಒಬ್ಬ ಸಂಶೋಧಕಿ ಇದ್ದಳು. ನೇಕಾರರ ಒಂದು ಊರಿನಲ್ಲಿ ಕೆಲವು ಮನೆಗಳ ಎಳೆಮಕ್ಕಳು ಹೃದಯ ಸೋತು ಸಾಯುತ್ತಿದ್ದವು. ಆಕೆ ಆ ಮಕ್ಕಳ ರಕ್ತವನ್ನು ತಂದು ನಾಲ್ಕು ವರ್ಷ ಪರೀಕ್ಷಿಸಿದಳು. ಸತ್ತ ಮಕ್ಕಳೆಲ್ಲರ ಒಂದು ವಂಶವಾಹಿಯ ಅಕ್ಷರಸಾಲಿನಲ್ಲಿ ಒಂದೇ ಜಾಗದ ಒಂದಕ್ಷರ ಬದಲಾಗಿತ್ತು. ಬೇರೆ ಊರುಗಳ ಆರೋಗ್ಯವಂತರಲ್ಲಿ ಆ ಬದಲಾವಣೆ ಇರಲಿಲ್ಲ. ಇದೇ ರೋಗದ ಕಾರಣವೆಂದು ಆಕೆ ಬರೆದಳು.

ಆ ಲೇಖನ ಆಕೆಗೆ ಹೆಸರು ತಂದಿತು. ಹತ್ತು ವರ್ಷಗಳಲ್ಲಿ ಸಾವಿರದ ನಾನ್ನೂರು ಲೇಖನಗಳು ಅದನ್ನು ಉಲ್ಲೇಖಿಸಿದವು. ಆಸ್ಪತ್ರೆಗಳು ಆ ಅಕ್ಷರವನ್ನು ತಮ್ಮ ದೋಷಗಳ ಪಟ್ಟಿಗೆ ಸೇರಿಸಿಕೊಂಡು, ಗರ್ಭದಲ್ಲೇ ಅದನ್ನು ಹುಡುಕತೊಡಗಿದವು.

ಹನ್ನೊಂದನೆಯ ವರ್ಷ ಆಕೆ ಬೇರೊಂದು ಕೆಲಸಕ್ಕಾಗಿ ಅದೇ ಊರಿನ ಮುದುಕರ ರಕ್ತ ಪರೀಕ್ಷಿಸಿದಳು. ಎಂಬತ್ತೆರಡು ವರ್ಷದ ಒಬ್ಬ ಅಜ್ಜಿಯಲ್ಲಿ ಅದೇ ಬದಲಾವಣೆ ಕಂಡಿತು. ಆ ಅಜ್ಜಿ ಇನ್ನೂ ಮಗ್ಗದ ಮುಂದೆ ಕೂರುತ್ತಿದ್ದಳು. ಹುಡುಕಿದಾಗ ಅಂಥ ಹತ್ತೊಂಬತ್ತು ಮಂದಿ ಸಿಕ್ಕರು. ಯಾರಿಗೂ ಹೃದಯದ ತೊಂದರೆ ಇರಲಿಲ್ಲ. ಅದು ಆ ಊರಿನವರಲ್ಲಿ ತಲೆಮಾರುಗಳಿಂದ ಬಂದ ಒಂದು ಗುರುತು, ಅಷ್ಟೆ. ಮಕ್ಕಳು ಸತ್ತದ್ದು ಬೇರೆ ಯಾವುದರಿಂದಲೋ.

ಆಕೆ ಮುಚ್ಚಿಡಲಿಲ್ಲ. ತಾನು ತಪ್ಪಿದೆನೆಂದು ಎರಡನೆಯ ಲೇಖನ ಬರೆದಳು. ದೊಡ್ಡ ಪತ್ರಿಕೆಯೊಂದು ಲೇಖಕರ ಹೆಸರು ಮರೆಮಾಡಿ ಅದನ್ನು ಪರಿಶೀಲನೆಗೆ ಕಳಿಸಿತು. ಇದನ್ನು ಬರೆದವರು ಈ ವಿಷಯದ ಮೂಲ ಲೇಖನವನ್ನೇ ಸರಿಯಾಗಿ ಓದಿಕೊಂಡಿಲ್ಲ ಎಂದು ಪರಿಶೀಲಕರು ಬರೆದರು. ಕೊನೆಗೆ ಒಂದು ಸಣ್ಣ ಪತ್ರಿಕೆ ಅಚ್ಚು ಹಾಕಿತು. ಒಂಬತ್ತು ಮಂದಿ ಅದನ್ನು ಉಲ್ಲೇಖಿಸಿದರು. ಆಕೆ ಆಸ್ಪತ್ರೆಗಳಿಗೆ ಕಾಗದ ಬರೆದಳು. ಕೆಲವರು ಉತ್ತರಿಸಲಿಲ್ಲ, ಉಳಿದವರು ನೋಡುತ್ತೇವೆ ಎಂದರು. ಅದೇ ವರ್ಷ ಮೊದಲ ಲೇಖನಕ್ಕೆ ಪ್ರಶಸ್ತಿ ಬಂತು. ಆಕೆ ಹೋಗಲಿಲ್ಲ. ಅಂಚೆಯಲ್ಲಿ ಕಳಿಸಿಕೊಟ್ಟರು.

ಒಂದು ಬೆಳಿಗ್ಗೆ ಆ ಊರಿನ ಗಂಡಹೆಂಡತಿ ಆಕೆಯನ್ನು ಕಾಣಲು ಬಂದರು. ಹಿಂದೆ ಎರಡು ಸಲ ಪರೀಕ್ಷೆಯಲ್ಲಿ ದೋಷ ಕಂಡು ಅವರು ಗರ್ಭ ತೆಗೆಸಿದ್ದರು. ಈಗ ಮತ್ತೆ ನಾಲ್ಕು ತಿಂಗಳು; ಈ ಸಲವೂ ದೋಷ ಕಂಡಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕೈಮುಗಿದು ಹೋಗೋಣವೆಂದು ಬಂದಿದ್ದರು. ಹುಟ್ಟಿದ ಮಗು ಕಣ್ಣೆದುರು ನರಳುವುದನ್ನು ನೋಡುವ ಕಷ್ಟ ನಿಮ್ಮಿಂದ ತಪ್ಪಿತು ಎಂದು ಗಂಡ ಹೇಳಿದ.

ಸಂಶೋಧಕಿ ಹೆಂಡತಿಯ ಕಡೆ ತಿರುಗಿದಳು. ಹೇಳಿದಳು: "ತೆಗೆಸಬೇಡಮ್ಮ. ಅದು ದೋಷವಲ್ಲ. ನಾನು ಬರೆದದ್ದು ತಪ್ಪು."

"ಹಾಗಾದರೆ ಆ ಎರಡು?" ಎಂದು ಹೆಂಡತಿ ಕೇಳಿದಳು.



ಅವರಿಬ್ಬರೂ ಆಸ್ಪತ್ರೆಗೆ ಹೋಗಿ ವೈದ್ಯರನ್ನು ಕೇಳಿದರು. ವೈದ್ಯರು ಪಟ್ಟಿ ತೆಗೆದು ತೋರಿಸಿದರು. ದೋಷದ ಎದುರು ಆಧಾರವೆಂದು ಅಚ್ಚಾಗಿದ್ದ ಹೆಸರು ಆಕೆಯದೇ. ಗಂಡಹೆಂಡತಿ ಅಚ್ಚಾದದ್ದನ್ನು ನಂಬಿದರು. ಆಕೆಯ ಬಾಯಿಮಾತನ್ನು ನಂಬಿದ್ದರೆ, ಹಿಂದಿನ ಎರಡರ ಪಾಪವನ್ನೂ ಬದುಕಿಡೀ ಹೊರಬೇಕಾಗುತ್ತಿತ್ತು. ಸಂಜೆಯೊಳಗೆ ಎಲ್ಲ ಮುಗಿಯಿತು.

ಆಮೇಲೆ ಆಕೆ ಹನ್ನೆರಡು ವರ್ಷ ಬದುಕಿದಳು. ಮತ್ತೆ ಏನನ್ನೂ ಪ್ರಕಟಿಸಲಿಲ್ಲ. ಆಸ್ಪತ್ರೆಗಳಿಗೆ ಕಾಗದ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಆಕೆ ಸಾಯುವ ಹೊತ್ತಿಗೆ ಮೊದಲ ಲೇಖನದ ಉಲ್ಲೇಖಗಳು ಮೂರು ಸಾವಿರ ದಾಟಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು, ಸಿಟ್ಟೂ ಬಂತು. ಉಲ್ಲೇಖಿಸುವ ಮುನ್ನ ಆಕೆ ಮುಂದೆ ಏನು ಬರೆದಳೆಂದು ನೋಡದ ಆ ಮೂರು ಸಾವಿರ ಮಂದಿ ಎಂಥ ವಿದ್ವಾಂಸರು ಎಂದು ಕೇಳಿದ.

ಗುರುಗಳು ಮೇಜಿನ ಮೇಲಿದ್ದ ಅವನ ಪ್ರಬಂಧವನ್ನು ಅವನ ಕೈಗಿತ್ತರು.

"ನಲವತ್ತನೆಯ ಪುಟದಲ್ಲಿ ನೀನು ಉಲ್ಲೇಖಿಸಿರುವುದೂ ಆಕೆಯ ಮೊದಲ ಲೇಖನವನ್ನೇ," ಎಂದರು.